ಅಜ್ಜಿಯ ಗುಳಿಗೆ ಚೀಲವನ್ನು ಬಿಚ್ಚಿ ನೋಡುವವರು ಬೇಕು

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ, ಕುಮಟಾ ಕಡೆಯ ಊರುಗಳಲ್ಲಿ ಅರವತ್ತು–ಎಪ್ಪತ್ತು ದಾಟಿದವರ ಮನೆಗೆ ಹೋಗಿ ‘ಗುಳಿಗೆ ಎಲ್ಲಿಟ್ಟಿದ್ದೀರಿ, ಒಮ್ಮೆ ತೋರಿಸಿ’ ಎಂದು ಕೇಳಿದರೆ ಸಾಮಾನ್ಯವಾಗಿ ಹೊರಗೆ ಬರುವುದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಗೋಡೆಯ ಮೊಳೆಗೆ ತೂಗುಹಾಕಿರುತ್ತಾರೆ. ಗಂಟು ಬಿಚ್ಚಿ ಜಗಲಿಯ ಮೇಲೆ ಸುರಿದರೆ ಅರ್ಧ ಮುಗಿದ ಸ್ಟ್ರಿಪ್‌ಗಳು, ಮಡಚಿ ಮಡಚಿ ಹರಿದ ಚೀಟಿಗಳು, ಯಾವಾಗಲೋ ಜ್ವರಕ್ಕೆ ತಂದ ಗುಳಿಗೆ, ಸೊಸೆಯ ರಕ್ತಹೀನತೆಯ ಗುಳಿಗೆ, ಎಲ್ಲವೂ ಒಟ್ಟಿಗೇ ಬೀಳುತ್ತವೆ.

ಅಂಥ ಒಂದು ಚೀಲದಲ್ಲಿ ಎರಡು ಬೇರೆ ಬೇರೆ ಬಣ್ಣದ ಸ್ಟ್ರಿಪ್ ಇದ್ದವು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬಂದದ್ದು, ಇನ್ನೊಂದು ಪೇಟೆಯ ಖಾಸಗಿ ವೈದ್ಯರು ಬರೆದುಕೊಟ್ಟದ್ದು. ಹೆಸರು ಬೇರೆ, ಕಂಪನಿ ಬೇರೆ. ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಔಷಧ ಮಾತ್ರ ಒಂದೇ: ಅಮ್ಲೋಡಿಪಿನ್, 5 ಮಿಲಿಗ್ರಾಂ. ಮನೆಯ ಯಜಮಾನ್ತಿ ‘ಸರ್ಕಾರಿ ಗುಳಗಿ’ಯನ್ನು ಬೆಳಿಗ್ಗೆ, ‘ಪೇಟೆ ಡಾಕ್ಟ್ರ ಗುಳಗಿ’ಯನ್ನು ರಾತ್ರಿ ತಪ್ಪದೆ ನುಂಗುತ್ತಿದ್ದರು. ಅಂದರೆ ದಿನಕ್ಕೆ ದುಪ್ಪಟ್ಟು. ಅಮ್ಲೋಡಿಪಿನ್ ಪ್ರಮಾಣ ಹೆಚ್ಚಿದಷ್ಟೂ ಕಾಲಿನ ಹರಡು ಊದಿಕೊಳ್ಳುವುದು ವೈದ್ಯರಿಗೆಲ್ಲ ಗೊತ್ತಿರುವ ಅಡ್ಡಪರಿಣಾಮ. ಅವರ ಕಾಲೂ ಊದಿತು. ಗದ್ದೆ ನೀರಲ್ಲಿ ನಿಂತು ನೆಟ್ಟಿ ಮಾಡಿದ್ದಕ್ಕೆ ಹೀಗಾಯಿತೆಂದುಕೊಂಡು ಅಂಗಡಿಯಿಂದ ನೋವಿನ ಗುಳಿಗೆ ತರಿಸಿದರು. ಅದು ಡೈಕ್ಲೋಫೆನಾಕ್. ಆ ಜಾತಿಯ ನೋವುನಿವಾರಕಗಳು ಬಿಪಿ ಏರಿಸುತ್ತವೆ; ವಯಸ್ಸಾದವರು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಮುಂದಿನ ತಪಾಸಣೆಯಲ್ಲಿ ಬಿಪಿ ಹೆಚ್ಚೇ ಬರುತ್ತದೆ, ಚೀಟಿಗೆ ಇನ್ನೊಂದು ಗುಳಿಗೆ ಸೇರುತ್ತದೆ.

ಇದರಲ್ಲಿ ಯಾರೂ ಕೆಟ್ಟವರಿಲ್ಲ. ಸರ್ಕಾರಿ ವೈದ್ಯರು ಕೊಟ್ಟದ್ದು ಸರಿಯಾದ ಔಷಧ, ಖಾಸಗಿ ವೈದ್ಯರು ಕೊಟ್ಟದ್ದೂ ಸರಿಯಾದ ಔಷಧ, ರೋಗಿಯಂತೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವರು. ಆ ಚೀಲವನ್ನು ಜಗಲಿಯ ಮೇಲೆ ಸುರಿದು, ಒಂದೊಂದನ್ನೇ ಕೈಗೆತ್ತಿಕೊಂಡು, ‘ಇದು ಯಾಕೆ, ಯಾವಾಗ, ಇದನ್ನು ನುಂಗಿದರೆ ಅದು ಬೇಡ’ ಎಂದು ಹೇಳುವ ಹತ್ತು ನಿಮಿಷ ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ವಾದ ಇಷ್ಟೇ. ಬಡ ಹಿರಿಯರ ಬಿಪಿ, ಸಕ್ಕರೆ ಕಾಯಿಲೆಗಳ ವಿಷಯದಲ್ಲಿ ಹೇಳಿಕೊಡುವುದೂ ಚಿಕಿತ್ಸೆಯೇ. ಅದನ್ನು ಗುಳಿಗೆ ಕೊಟ್ಟು ಸಮಯ ಉಳಿದರೆ ಮಾಡುವ ಉಪಕಾರವೆಂದು ನೋಡುತ್ತಿರುವವರೆಗೆ, ಎಷ್ಟು ಗುಳಿಗೆ ಹಂಚಿದರೂ ಕರಾವಳಿಯ ಆಸ್ಪತ್ರೆಗಳಿಗೆ ಪಾರ್ಶ್ವವಾಯು, ಕಾಲಿನ ಹುಣ್ಣು, ಕಿಡ್ನಿ ವೈಫಲ್ಯದ ರೋಗಿಗಳು ಬರುತ್ತಲೇ ಇರುತ್ತಾರೆ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ವಯಸ್ಕರಲ್ಲಿ ಶೇ 11.4ರಷ್ಟು ಮಂದಿಗೆ ಮಧುಮೇಹ, ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ. ವಯಸ್ಸು ಏರಿದಂತೆ ಎರಡೂ ಏರುತ್ತವೆ, ಹಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ಸರ್ಕಾರ ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಆಯುಷ್ಮಾನ್ ಭಾರತದಡಿ 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕೆಂಬ ನಿಯಮ ಬಂತು. ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಮನೆ ಬಾಗಿಲಲ್ಲೇ ತಪಾಸಣೆ, ಮನೆಗೇ ಔಷಧ. ಒಂದು ತಲೆಮಾರಿನ ಹಿಂದೆ ಇದನ್ನು ಯಾರೂ ಊಹಿಸಿರಲಿಲ್ಲ.

ಆದರೆ ಈ ವ್ಯವಸ್ಥೆ ಲೆಕ್ಕ ಇಡುವುದು ಯಾವುದಕ್ಕೆ ಎಂದು ನೋಡಿ. ಎಷ್ಟು ಜನರ ತಪಾಸಣೆಯಾಯಿತು, ಎಷ್ಟು ಜನರ ಹೆಸರು ಆ್ಯಪ್‌ಗೆ ಏರಿತು, ಎಷ್ಟು ಜನರಿಗೆ ಔಷಧ ಶುರುವಾಯಿತು. 2025ರೊಳಗೆ ಏಳೂವರೆ ಕೋಟಿ ಬಿಪಿ, ಶುಗರ್ ರೋಗಿಗಳನ್ನು ಚಿಕಿತ್ಸೆಯ ವ್ಯಾಪ್ತಿಗೆ ತರುವ ಗುರಿಯನ್ನು ಕೇಂದ್ರ 2023ರಲ್ಲಿ ಹಾಕಿಕೊಂಡಾಗಲೂ ಎದ್ದು ಕಂಡದ್ದು ಸಂಖ್ಯೆಯೇ. ಆಶಾ ಕಾರ್ಯಕರ್ತೆಗೆ ರೋಗದ ಸಂಭವ ಅಳೆಯುವ ಸಿಬ್ಯಾಕ್ ನಮೂನೆ ತುಂಬಿದರೆ ತಲೆಗೆ 10 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಲಾಗಿದೆ. ಅಜ್ಜನ ಪಕ್ಕದಲ್ಲಿ ಕೂತು ಗುಳಿಗೆ ವಿಂಗಡಿಸಿಕೊಟ್ಟರೆ ಅದಕ್ಕೆಂದು ಪ್ರತ್ಯೇಕ ಕಾಲಂ ಇಲ್ಲ. ದುಡ್ಡು, ಲೆಕ್ಕ, ಮೇಲಿನವರ ಪ್ರಶ್ನೆ ಮೂರೂ ನಮೂನೆಯ ಸುತ್ತಲೇ ಸುತ್ತುವಾಗ ಕೆಲಸವೂ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಆಶಾಗಳನ್ನು ದೂರುವುದು ಅನ್ಯಾಯ. ಬಾಣಂತಿ, ಲಸಿಕೆ, ಕ್ಷಯ, ಡೆಂಗಿ, ಸಿದ್ದಾಪುರ ಕಡೆಯಾದರೆ ಬೇಸಿಗೆಯಲ್ಲಿ ಮಂಗನ ಕಾಯಿಲೆ, ಇಷ್ಟೂ ಅವರ ತಲೆಯ ಮೇಲಿದೆ. ತಿಂಗಳಿಗೆ ಹತ್ತು ಸಾವಿರ ಗೌರವಧನದ ಭರವಸೆ ಪಡೆಯಲೂ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು.

ಹೇಳಿಕೊಡುವುದೇ ಇಲ್ಲವೆಂದಲ್ಲ. ವಿಶ್ವ ಹೃದಯ ದಿನಕ್ಕೊಂದು ಶಿಬಿರ, ಮಧುಮೇಹ ದಿನಕ್ಕೊಂದು ಜಾಥಾ ನಡೆಯುತ್ತವೆ. ಬಣ್ಣದ ಕರಪತ್ರದಲ್ಲಿ ‘ಉಪ್ಪು ಕಡಿಮೆ ಮಾಡಿ, ಒತ್ತಡ ಕಡಿಮೆ ಮಾಡಿ, ಪ್ರತಿದಿನ ವ್ಯಾಯಾಮ ಮಾಡಿ’ ಎಂದಿರುತ್ತದೆ. ಬದುಕಿಡೀ ಗದ್ದೆ ಉತ್ತು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಹೆಂಗಸಿಗೆ ಟ್ರ್ಯಾಕ್ ಪ್ಯಾಂಟ್ ತೊಟ್ಟ ಚಿತ್ರ ತೋರಿಸಿ ನಡೆಯಿರಿ ಎನ್ನುವುದರಲ್ಲಿ ಅರ್ಥವಿಲ್ಲ. ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲೇ ಶೇ 84 ದಾಟಿತ್ತು ನಿಜ. ಆದರೆ ಓದಲು ಬಾರದೆ ಉಳಿದವರಲ್ಲಿ ದೊಡ್ಡ ಪಾಲು ಇದೇ ಅಜ್ಜ–ಅಜ್ಜಿಯರದು. ಅವರಲ್ಲಿ ಎಷ್ಟೋ ಜನರ ಮನೆಮಾತು ಕರಪತ್ರದ ಕನ್ನಡವೂ ಅಲ್ಲ. ಕಾರವಾರದ ಕಡಲತೀರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಂಕೋಲೆಯ ಕೊಪ್ಪಗಳಲ್ಲಿ ಹಾಲಕ್ಕಿ ಸಮುದಾಯದವರ ಕನ್ನಡ.

ಓದಲು ಬಾರದವರಿಗೆ ಕಲಿಸುವುದು ಕಷ್ಟ ಎಂಬ ಮಾತು ಆರೋಗ್ಯ ಇಲಾಖೆಯಲ್ಲಿ ಆಗಾಗ ಕೇಳುತ್ತದೆ. ಈ ಜಿಲ್ಲೆಯಲ್ಲಿ ನಿಂತು ಅದನ್ನು ಹೇಳಬಾರದು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಾಲಕ್ಕಿಗಳ ಹಾಡಿನ ಭಂಡಾರವನ್ನೇ ನೆನಪಿನಲ್ಲಿಟ್ಟುಕೊಂಡು, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಕಾಡಿನ ಗಿಡಗಳ ಬೀಜ, ಕಾಲ, ಮಣ್ಣು ಎಲ್ಲವನ್ನೂ ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಈ ತಲೆಮಾರಿನ ನೆನಪಿನ ಶಕ್ತಿ ದೊಡ್ಡದು. ಅದು ಕಿವಿಯಿಂದ ಕಲಿತದ್ದು, ಕೈಯಿಂದ ಮಾಡಿ ಕಲಿತದ್ದು. ನಾವು ಕಣ್ಣಿಗೆ ಕಾಗದ ಹಿಡಿದು ‘ಇವರಿಗೆ ತಿಳಿಯುವುದಿಲ್ಲ’ ಎನ್ನುತ್ತಿದ್ದೇವೆ.

ಹಾಗಾದರೆ ಏನನ್ನು ಹೇಳಿಕೊಡಬೇಕು? ಅಡುಗೆಮನೆಯಿಂದಲೇ ಶುರು ಮಾಡೋಣ, ಕರಾವಳಿಯ ಬಿಪಿಯ ಅರ್ಧ ಕತೆ ಅಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ತಲಾ 5 ಗ್ರಾಂ ಉಪ್ಪಿಗಿಂತ ಕಡಿಮೆ, ಅಂದರೆ ಸುಮಾರು ಒಂದು ಚಹಾ ಚಮಚದಷ್ಟು, ಎಲ್ಲ ಊಟವೂ ಸೇರಿ. ನಮ್ಮ ಅಜ್ಜಿಯ ದಿನ ಹೇಗಿರುತ್ತದೆ? ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಗಂಜಿಗೊಂದಿಷ್ಟು ಉಪ್ಪು. ನಂಚಿಕೊಳ್ಳಲು ಕೆಂಡದ ಮೇಲೆ ಸುಟ್ಟ ಒಣಮೀನು ಅಥವಾ ಉಪ್ಪಿನಕಾಯಿಯ ಹೋಳು. ಮಧ್ಯಾಹ್ನ ಸಾರಿಗೆ ಉಪ್ಪು, ಅನ್ನ ಬಸಿಯುವಾಗ ಉಪ್ಪು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನು ಸಿಗುವುದು ಕಡಿಮೆ, ಸಿಕ್ಕರೂ ಬಡವರ ಕೈಗೆಟುಕುವುದಿಲ್ಲ. ಆಗ ಒಣಬಂಗಡೆ, ಒಣಶೆಟ್ಲಿಯೇ (ಒಣಸಿಗಡಿ) ಗತಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಅದೇ ಜಾಗದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇರುತ್ತದೆ. ಹೀಗಿರುವಾಗ ‘ಉಪ್ಪು ಕಡಿಮೆ ಮಾಡಿ’ ಎಂದರೆ ಅಜ್ಜಿ ಸಾರಿನ ಉಪ್ಪನ್ನು ಒಂದು ಚಿಟಿಕೆ ಕಡಿಮೆ ಮಾಡಿ, ಬಾಯಿಗೆ ಸಪ್ಪೆಯಾಯಿತೆಂದು ಒಣಮೀನಿನ ಇನ್ನೊಂದು ತುಂಡು ಹಾಕಿಕೊಳ್ಳುತ್ತಾರೆ.

ಉಪಯೋಗಕ್ಕೆ ಬರುವ ಮಾತು ಬೇರೆ ತರದ್ದು. ಒಣಮೀನು ಇದ್ದ ದಿನ ಗಂಜಿಗೆ ಉಪ್ಪು ಹಾಕಬೇಡಿ. ಸುಡುವ ಬದಲು ಬಿಸಿನೀರಲ್ಲಿ ನೆನೆಸಿ, ನೀರು ಚೆಲ್ಲಿ, ಮತ್ತೊಮ್ಮೆ ತೊಳೆದು, ಈರುಳ್ಳಿ, ಮೆಣಸು, ಮುರುಗಲು (ಪುನರ್ಪುಳಿ) ಹಾಕಿ ಬೇಯಿಸಿ. ಉಪ್ಪಿನಕಾಯಿಯ ಹೋಳು ತಿನ್ನಿ, ರಸ ಬಿಡಿ. ಮುರುಗಲಿನ ಹುಳಿ, ಲಿಂಬೆ, ಶುಂಠಿ, ಕಾಳುಮೆಣಸು ನಾಲಿಗೆಗೆ ಉಪ್ಪಿನ ಕೊರತೆಯನ್ನು ಮರೆಸುತ್ತವೆ, ಇವೆಲ್ಲ ನಮ್ಮ ಹಿತ್ತಲಲ್ಲೇ ಇವೆ. ಇಷ್ಟನ್ನು ಒಬ್ಬ ಸೊಸೆಗೆ, ಮೊಮ್ಮಗಳಿಗೆ ಕೂಡ ಕೂರಿಸಿಕೊಂಡು ಹೇಳಬೇಕು. ಎಷ್ಟೋ ಮನೆಗಳಲ್ಲಿ ಅಡುಗೆ ಅಜ್ಜಿಯ ಕೈಯಲ್ಲಿ ಉಳಿದಿರುವುದಿಲ್ಲ.

ಸಕ್ಕರೆ ಕಾಯಿಲೆಗೆ ಬಂದರೆ, ‘ಅನ್ನ ಬಿಡಿ, ಚಪಾತಿ ತಿನ್ನಿ, ಓಟ್ಸ್ ತಿನ್ನಿ’ ಎನ್ನುವ ಸಲಹೆಯಿಂದ ನನಗೆ ಸಂಕಟವಾಗುತ್ತದೆ. ಪಡಿತರದಲ್ಲಿ ಬರುವುದು ಅಕ್ಕಿ. ಉಚಿತವಾಗಿ ಸಿಗುವ ಅಕ್ಕಿಯನ್ನು ಮನೆಯಲ್ಲಿಟ್ಟುಕೊಂಡು ಗೋಧಿ ಹಿಟ್ಟು ಕೊಳ್ಳುವ ಶಕ್ತಿ ಇದ್ದಿದ್ದರೆ ಅವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಹೇಳಬೇಕಾದದ್ದು, ಅದೇ ಅನ್ನ, ಆದರೆ ಬಟ್ಟಲಿಗೊಂದು ಲೆಕ್ಕ. ಮೊದಲು ಬಸಳೆ, ಹರಿವೆ, ಮೊಗೆಕಾಯಿಯ ಪಲ್ಯ, ಹೆಸರುಕಾಳು, ಮೀನು, ಆಮೇಲೆ ಅನ್ನ. ಒಂದೇ ಸಲ ತಟ್ಟೆ ತುಂಬ ಉಣ್ಣುವ ಬದಲು ಮೂರು ಹೊತ್ತಿಗೆ ಹಂಚಿ ಉಣ್ಣುವುದು. ಶಿರಸಿ ಕಡೆ ಇನ್ನೊಂದು ನಂಬಿಕೆ ಬಲವಾಗಿದೆ: ಸಕ್ಕರೆ ಬಿಟ್ಟಾಯಿತು, ದೋಸೆಗೆ ಜೋನಿಬೆಲ್ಲ ಹಾಕಿಕೊಂಡರೆ ತೊಂದರೆಯಿಲ್ಲ ಎಂದು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನೇ ಏರಿಸುತ್ತದೆ. ಇದನ್ನು ಬೈಯದೆ ಹೇಳುವ ದಾರಿ ಇದೆ. ಜೋನಿಬೆಲ್ಲ ತಿಂದು ಎರಡು ಗಂಟೆಯ ನಂತರ ಅವರ ಕಣ್ಣೆದುರೇ ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಿ ತೋರಿಸಿದರೆ ಬೇರೆ ಭಾಷಣ ಬೇಡ.

ಸಕ್ಕರೆ ಏರುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇಳಿಯುವುದರ ಬಗ್ಗೆ ಹೇಳುವವರು ಕಡಿಮೆ. ವಯಸ್ಸಾದವರಿಗೆ ಅದು ತಕ್ಷಣದ ಅಪಾಯ. ಅಂಥ ಅಪಾಯ ಬಯಲಿಗೆ ಬರಬೇಕಾದರೆ, ಹೇಳಿಕೊಟ್ಟದ್ದನ್ನು ಮರಳಿ ಹೇಳಿಸುವ ಒಂದು ಕ್ರಮವಿದೆ. ವೈದ್ಯಕೀಯ ಶಿಕ್ಷಣದಲ್ಲಿ ಹೆಸರಾದ ಕ್ರಮ, ಖರ್ಚು ಏನೂ ಇಲ್ಲ. ‘ತಿಳಿಯಿತಾ?’ ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗೆ ‘ಹೌದು’ ಎಂದೇ ತಲೆಯಾಡಿಸುತ್ತಾರೆ. ಅದರ ಬದಲು ನನಗೇ ಹೇಳಿ ತೋರಿಸಿ ಎನ್ನಬೇಕು. ಹೊನ್ನಾವರ ಕಡೆಯ, ಪಾತಿ ದೋಣಿಯಲ್ಲಿ ಈಗಲೂ ಬಲೆ ಬಿಡಲು ಹೋಗುವ ಅಜ್ಜನೊಬ್ಬನ ಜೊತೆ ಆಶಾ ಕಾರ್ಯಕರ್ತೆಯ ಮಾತು ಹೀಗಿತ್ತು:

‘ಅಜ್ಜಾ, ನಾ ಹೇಳದ್ದು ಸರಿ ಆಯ್ತೋ ಇಲ್ವೋ ನೋಡ್ಕಣ್ಬೇಕು. ಮನೇಲಿ ಅಜ್ಜಿ ಕೇಳಿದ್ರೆ ಹ್ಯಾಂಗೆ ಹೇಳ್ತ್ರಿ?’

‘ಬೆಳಿಗ್ಗೆ ಚಾ ಕುಡದು ಸಣ್ಣ ಗುಳಗಿ. ಊಟ ಆದ್ಮೇಲೆ ದೊಡ್ಡದು. ದೋಣಿಗೆ ಹೋಗೂ ದಿನ ಸಣ್ಣದು ಬೇಡ.’

‘ದೋಣಿಗೆ ಹೋಗೂ ದಿನ ಬೇಡ ಅಂತ ಯಾರಂದ್ರು?’

‘ಯಾರೂ ಅನ್ಲಿಲ್ಲ ಮಗಾ. ಅದ್ನ ತಕಂಡು ಹೋದ್ರೆ ನೀರ ಮೇಲೆ ಕೈ ನಡುಗ್ತದೆ, ಬೆವರ್ತದೆ, ಕಣ್ಣು ಕತ್ತಲೆ. ನೀರಿಗೆ ಬಿದ್ರೆ ನೀ ಬತ್ಯಾ ಎತ್ತೂಕೆ?’

ಸಣ್ಣ ಗುಳಿಗೆ ಎಂದರೆ ಗ್ಲಿಮಿಪಿರೈಡ್. ಹೊಟ್ಟೆಗೆ ಆಹಾರ ಬೀಳುತ್ತದೆ ಎಂದು ನಂಬಿಕೊಂಡು ಸಕ್ಕರೆ ಇಳಿಸುವ ಔಷಧ ಅದು. ಬರೀ ಚಾ ಕುಡಿದು ನುಂಗಿ, ಹುಟ್ಟು ಹಾಕುವ ಶ್ರಮಕ್ಕೆ ಇಳಿದರೆ ರಕ್ತದಲ್ಲಿನ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಜಾರಬಹುದು. ಅಜ್ಜ ಅದನ್ನು ತನ್ನ ಅನುಭವದಿಂದಲೇ ಕಂಡುಕೊಂಡು, ತನ್ನದೇ ಬುದ್ಧಿಯಿಂದ ಪರಿಹಾರ ಮಾಡಿಕೊಂಡಿದ್ದ. ದಾಖಲೆಯಲ್ಲಿ ಅವನು ‘ಔಷಧವನ್ನು ಸರಿಯಾಗಿ ತೆಗೆದುಕೊಳ್ಳದ ರೋಗಿ’. ಅವನ ಭಯಕ್ಕೆ ಕಾರಣವಿತ್ತು ಎನ್ನುವುದು ಆ ಒಂದು ಪ್ರಶ್ನೆ ಕೇಳುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಮೂರು ವಿಷಯ. ಗಂಜಿ ಉಂಡೇ ಗುಳಿಗೆ ತಗೊಳ್ಳಬೇಕು. ದೋಣಿಯಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು. ನಡುಕ ಬಂದರೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷ ಕಾಯಬೇಕು. ಮತ್ತೆ ಮತ್ತೆ ಹೀಗಾದರೆ ವೈದ್ಯರಿಗೆ ಹೇಳಿ ಪ್ರಮಾಣ ಕಡಿಮೆ ಮಾಡಿಸಬೇಕು ಅಥವಾ ಔಷಧ ಬದಲಿಸಬೇಕು. ಇದೇ ಮಾತು ಏಕಾದಶಿಯ ಉಪವಾಸ ಮಾಡುವವರಿಗೂ, ಭಟ್ಕಳದಲ್ಲಿ ರಂಜಾನ್ ರೋಜಾ ಹಿಡಿಯುವ ಹಿರಿಯರಿಗೂ ಬೇಕು. ಉಪವಾಸ ಬೇಡವೆಂದು ಗದರಿದರೆ ಅವರು ಹೇಳದೆ ಮಾಡುತ್ತಾರೆ. ಮೊದಲೇ ವೈದ್ಯರನ್ನು ಕಂಡು ಗುಳಿಗೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ ಎಂದರೆ ಕೇಳುತ್ತಾರೆ.

ಬಿಪಿಯಲ್ಲಿ ತೊಡಕು ಇನ್ನೊಂದು ಬಗೆಯದು. ಅದು ನೋಯುವುದಿಲ್ಲ. ‘ಗುಳಗಿ ತಕಂತೆ ತಂಗಿ, ತಲೆ ತಿರುಗಿದ್ರೆ ಮಾತ್ರ’ ಎನ್ನುವ ಮಾತನ್ನು ಕರಾವಳಿಯ ಯಾವ ಆಶಾಳೂ ಕೇಳದೆ ಇರುವುದಿಲ್ಲ. ನೋವಿಗೆ ಗುಳಿಗೆ, ಜ್ವರಕ್ಕೆ ಗುಳಿಗೆ, ವಾಸಿಯಾದರೆ ನಿಲ್ಲಿಸು. ಬದುಕಿಡೀ ಅವರು ಕಂಡ ಚಿಕಿತ್ಸೆ ಅದೇ. ಏನೂ ಆಗದಿದ್ದಾಗಲೂ ದಿನವೂ, ಸಾಯುವವರೆಗೂ ನುಂಗು ಎಂಬುದು ಅವರಿಗೆ ಹೊಸ ವಿಚಾರ. ಇದು ನಮ್ಮ ಹಳ್ಳಿಗರ ಅಜ್ಞಾನ ಎಂದುಕೊಳ್ಳಬೇಡಿ. ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಯವರಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಔಷಧವನ್ನು ಹೇಳಿದಂತೆ ಪಾಲಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು.

ಪಾದದ ವಿಷಯವನ್ನೂ ಬಿಡುವಂತಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರಿಗೆ ಅಂಗಾಲಿನ ಸ್ಪರ್ಶ ಮಂಕಾಗುತ್ತದೆ. ಮೀನಿನ ಮುಳ್ಳು, ಚಿಪ್ಪು, ಗದ್ದೆಯ ಕೂಳೆ ಚುಚ್ಚಿದರೂ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳ ಮಳೆಯಲ್ಲಿ ಬೆರಳ ಸಂದಿ ಸದಾ ಹಸಿ, ಅಲ್ಲಿಂದಲೇ ಕೊಳೆಯಲು ಶುರು. ರಾತ್ರಿ ಕಾಲು ತೊಳೆದು, ಸಂದಿ ಒರೆಸಿ, ಮೊಮ್ಮಗಳಿಗೆ ಅಂಗಾಲು ತೋರಿಸುವ ಅಭ್ಯಾಸ ಒಂದು ಬೆರಳನ್ನೋ ಒಂದು ಕಾಲನ್ನೋ ಉಳಿಸಬಲ್ಲದು.

ಇಷ್ಟೆಲ್ಲವನ್ನು ಹೇಳಿಕೊಡುವವರು ಯಾರು? ವೈದ್ಯರೇ ಆಗಬೇಕಿಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ರೂಪಿಸಿದ ಕಾರ್ಯಕ್ರಮವೊಂದಿದೆ. ವಾರಕ್ಕೊಮ್ಮೆ ಎರಡೂವರೆ ಗಂಟೆ, ಆರು ವಾರ. ಹಿರಿಯರ ಕೇಂದ್ರ, ಚರ್ಚು, ಗ್ರಂಥಾಲಯದಂಥ ಜಾಗಗಳಲ್ಲಿ ನಡೆಯುತ್ತದೆ. ನಡೆಸುವವರು ತರಬೇತಿ ಪಡೆದ ಸಾಮಾನ್ಯರು, ಅವರಲ್ಲೂ ಹಲವರು ಸ್ವತಃ ದೀರ್ಘ ಕಾಯಿಲೆಯವರೇ. ಭಾಷಣ ಕಡಿಮೆ, ಪ್ರತಿಯೊಬ್ಬರೂ ಈ ವಾರ ತಾನು ಮಾಡಬಲ್ಲ ಒಂದೇ ಒಂದು ಸಣ್ಣ ಕೆಲಸವನ್ನು ತಾನೇ ಆರಿಸಿ ಹೇಳಬೇಕು, ಮುಂದಿನ ವಾರ ಏನಾಯಿತೆಂದು ವರದಿ ಒಪ್ಪಿಸಬೇಕು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆರು ತಿಂಗಳ ನಂತರ ಭಾಗವಹಿಸಿದವರ ಆರೋಗ್ಯಾಭ್ಯಾಸಗಳು ಸುಧಾರಿಸಿದ್ದವು, ಆಸ್ಪತ್ರೆಗೆ ದಾಖಲಾಗುವುದೂ ಕಡಿಮೆಯಾಗಿತ್ತು. ಅದನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಎರಡೂವರೆ ಗಂಟೆ ಕೂರಲು ನಮ್ಮ ಅಜ್ಜಿಯರಿಗೆ ಪುರುಸೊತ್ತಿಲ್ಲ, ಮೊಮ್ಮಕ್ಕಳನ್ನು ನೋಡಿಕೊಳ್ಳುವವರೇ ಅವರು. ಆದರೆ ವಾರಕ್ಕೊಮ್ಮೆ ಸೇರುವ ಸ್ವಸಹಾಯ ಸಂಘಗಳು ನಮ್ಮ ಊರೂರಲ್ಲಿ ಇವೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ, ಅದೇ ಊರಿನ, ಐದಾರು ವರ್ಷದಿಂದ ಬಿಪಿ ಹಿಡಿತದಲ್ಲಿಟ್ಟುಕೊಂಡಿರುವ ಹೆಂಗಸೇ ಮಾತಾಡಲಿ. ‘ನಾ ಒಣಮೀನು ಬಿಡ್ಲಿಲ್ಲ, ಹೀಂಗೆ ಮಾಡದೆ’ ಎಂದು ಅವಳು ಹೇಳಿದರೆ ಹತ್ತುವ ಬುದ್ಧಿ ಕೋಟು ಹಾಕಿದವರು ಹೇಳಿದರೆ ಹತ್ತುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೈಯಲ್ಲಿ ಕಾಸಿಲ್ಲದವರಿಗೆ ಹೇಳಿಕೊಡುವ ಹೆಸರಲ್ಲಿ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟುವುದು ಸುಲಭ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಬರುವುದು ತಿಂಗಳಿಗೆ 1,200 ರೂಪಾಯಿ. ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಮುಗಿದಿದ್ದು ‘ಹೊರಗೆ ತಗೊಳ್ಳಿ’ ಎಂದರೆ ಆ ಹಣದಲ್ಲಿ ಎಷ್ಟು ಉಳಿಯುತ್ತದೆ? ಗ್ಲುಕೋಮೀಟರಿನ ಸ್ಟ್ರಿಪ್ ಒಂದಕ್ಕೇ ಹದಿನೈದು–ಇಪ್ಪತ್ತು ರೂಪಾಯಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿದೆ, ಅಜ್ಜಿಯರು ತಾಲೂಕು ಆಸ್ಪತ್ರೆಗೆ ಬರುವುದು ಸಲೀಸಾಗಿದೆ. ಬಡ ಅಜ್ಜ ಮಾತ್ರ ಟಿಕೆಟ್ಟಿನ ದುಡ್ಡು ಹೊಂದಿಸಿಕೊಂಡೇ ಬರಬೇಕು, ಎಷ್ಟೋ ಮನೆಗಳಲ್ಲಿ ಗಂಡನ ಗುಳಿಗೆಯನ್ನೂ ಹೆಂಡತಿಯೇ ಹೋಗಿ ತರುತ್ತಾಳೆ. ರೋಗಿ ಬಾರದೆ ಬಿಪಿ ನೋಡುವುದು ಹೇಗೆ? 70 ದಾಟಿದವರಿಗೆ ಐದು ಲಕ್ಷದವರೆಗಿನ ವಿಮೆಯನ್ನು ಕೇಂದ್ರ 2024ರ ಅಕ್ಟೋಬರಿನಲ್ಲಿ ಜಾರಿಗೆ ತಂದದ್ದು ಆಸ್ಪತ್ರೆಗೆ ದಾಖಲಾದವರಿಗಾಗಿ. ದಾಖಲಾಗುವ ಸ್ಥಿತಿ ಬಾರದಂತೆ ತಡೆಯುವ ದಿನನಿತ್ಯದ ಗುಳಿಗೆ, ಸ್ಟ್ರಿಪ್, ಸಲಹೆಗೆ ಅದರಲ್ಲಿ ಜಾಗವಿಲ್ಲ. ಒಂದು ತಿಂಗಳ ಗುಳಿಗೆ ಒಟ್ಟಿಗೆ, ಮನೆಗೆ ಹತ್ತಿರದ ಉಪಕೇಂದ್ರದಲ್ಲೇ, ಖಾಲಿಯಾಗದಂತೆ ಸಿಗುತ್ತದೆ ಎಂಬ ಭರವಸೆ ಕೊಟ್ಟ ಮೇಲೆ ಹೇಳಿಕೊಡುವ ಮಾತಿಗೆ ತೂಕ ಬರುತ್ತದೆ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಕೇರಳ, ಮಹಾರಾಷ್ಟ್ರ ಮೊದಲಾದ ರಾಜ್ಯಗಳಲ್ಲಿ ಹಿಡಿದ ದಾರಿಯೂ ಅದೇ: ಸರಳ ಔಷಧ ಕ್ರಮ, ತಡೆಯಿಲ್ಲದ ಪೂರೈಕೆ, ಮನೆಯ ಹತ್ತಿರ ಸೇವೆ.

ಉತ್ತರ ಕನ್ನಡಕ್ಕೆ ಇದು ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಮುಖ್ಯವಾಗಲು ಒಂದು ಕಾರಣವಿದೆ. ಹೃದಯಾಘಾತ, ಪಾರ್ಶ್ವವಾಯು ಆದರೆ ನಮ್ಮವರ ಆಂಬುಲೆನ್ಸ್ ಓಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಕಾರವಾರದವರಾದರೆ ಗೋವಾಕ್ಕೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಓಡುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯೇ ದನಿ ಎತ್ತಿದ್ದು ಆ ದಿನಗಳಲ್ಲಿ. ಆ ಬೇಡಿಕೆ ನ್ಯಾಯವಾದದ್ದು, ಬಿಡಬಾರದು. ಆದರೆ ದೊಡ್ಡ ಆಸ್ಪತ್ರೆ ಬರುವವರೆಗೂ ಬಂದ ಮೇಲೂ, ಮೊದಲ ಲಕ್ಷಣ ಗುರುತಿಸುವುದು ಮನೆಯವರೇ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಿಗುವ ಸಮಯ ನಾಲ್ಕೂವರೆ ಗಂಟೆ, ಅದರಲ್ಲಿ ದಾರಿಯೇ ಎಷ್ಟು ತಿನ್ನುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ಹೃದಯಾಘಾತ ದೊಡ್ಡ ಎದೆನೋವಿಲ್ಲದೆ ಬರೀ ಬೆವರು, ಸುಸ್ತು, ಉಬ್ಬಸವಾಗಿಯೂ ಬರುತ್ತದೆ. ‘ಗ್ಯಾಸ್ ಆಯ್ತು’ ಎಂದು ಕಷಾಯ ಕುಡಿಸಿ ಬೆಳಗಿನವರೆಗೆ ಕಾಯದೆ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲೂಕು ಮಟ್ಟದಲ್ಲಿ ಇಸಿಜಿ, ಹೆಪ್ಪು ಕರಗಿಸುವ ಚುಚ್ಚುಮದ್ದು ಉಚಿತವಾಗಿ ಸಿಗಬೇಕೆಂಬುದು. ಅದರ ಹೆಸರು ಕೇಳಿದವರು ಅನೇಕರಿದ್ದಾರೆ, ಯಾವ ಲಕ್ಷಣಕ್ಕೆ ಎಲ್ಲಿಗೆ ಓಡಬೇಕೆಂದು ತಿಳಿದವರು ಕಡಿಮೆ.

ಮಳೆಗಾಲದ ಮಾತನ್ನೂ ಸೇರಿಸಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಘಟ್ಟದ ರಸ್ತೆಗಳು ಯಾವ ಮಳೆಗೆ ಮುಚ್ಚುತ್ತವೆಂದು ಹೇಳಲಾಗದು. ಮಳೆಗಾಲಕ್ಕೆ ಮೊದಲು ಕಟ್ಟಿಗೆ, ಒಣಮೀನು, ಹಪ್ಪಳ ಕೂಡಿಡುವ ನಮ್ಮ ಹಿರಿಯರಿಗೆ ಹದಿನೈದು ದಿನದ ಹೆಚ್ಚುವರಿ ಗುಳಿಗೆಯನ್ನೂ ಕೂಡಿಡಿ ಎಂದು ಹೇಳಿದರೆ ಅರ್ಥವಾಗದೆ ಇರುವುದಿಲ್ಲ. ಆರೋಗ್ಯ ಕೇಂದ್ರ ಮೇ ತಿಂಗಳಲ್ಲಿ ಅಷ್ಟನ್ನು ಕೊಡಲು ತಯಾರಿರಬೇಕು.

ಹಣ, ಹುದ್ದೆ, ಹೊಸ ಯೋಜನೆ ಎಲ್ಲಕ್ಕೂ ಕಾಯದೆ ಈಗಲೇ ಮಾಡಬಹುದಾದದ್ದೂ ಇದೆ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು, ಮುಂದಿನ ವರ್ಷಗಳಲ್ಲೂ ಅವರ ಆರೋಗ್ಯದ ಬೆನ್ನು ಹತ್ತಬೇಕು. ಆ ಭೇಟಿಗಳಲ್ಲಿ ಒಂದು ಕೆಲಸವನ್ನು ಕಡ್ಡಾಯ ಮಾಡಿದರೆ ಸಾಕು: ಮನೆಯ ಹಿರಿಯರ ಗುಳಿಗೆ ಚೀಲವನ್ನು ಜಗಲಿಯ ಮೇಲೆ ಸುರಿಯುವುದು, ಒಂದೇ ಔಷಧ ಎರಡು ಹೆಸರಲ್ಲಿದ್ದರೆ ಬೇರ್ಪಡಿಸುವುದು, ನೋವಿನ ಗುಳಿಗೆ ಎಷ್ಟು ನುಂಗುತ್ತಾರೆಂದು ಕೇಳುವುದು. ಅವಧಿ ಮೀರಿದ್ದನ್ನು ತೆಗೆದು, ಬೆಳಗಿನದಕ್ಕೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದ ಎರಡು ಡಬ್ಬಿಗಳಲ್ಲಿ ಉಳಿದದ್ದನ್ನು ಹಾಕಿಕೊಡಲಿ. ಕಂಡದ್ದನ್ನು ಆ ಊರಿನ ಸಮುದಾಯ ಆರೋಗ್ಯ ಅಧಿಕಾರಿಗೆ ಬರೆದುಕೊಡಲಿ. ಯಾವ ಗುಳಿಗೆ ನಿಲ್ಲಿಸಬೇಕೆಂದು ತೀರ್ಮಾನಿಸುವುದು ವೈದ್ಯರ ಕೆಲಸ, ವಿದ್ಯಾರ್ಥಿಯದಲ್ಲ. ಉಪಕೇಂದ್ರದ ತಿಂಗಳ ವರದಿಯಲ್ಲಿ, ‘ತಪಾಸಣೆಯಾದವರು’ ಎಂಬ ಕಾಲಂ ಪಕ್ಕದಲ್ಲೇ, ‘ತನ್ನ ಗುಳಿಗೆ ಯಾಕೆ, ಯಾವಾಗ ಎಂದು ಸರಿಯಾಗಿ ಮರಳಿ ಹೇಳಿದವರು’ ಎಂಬ ಇನ್ನೊಂದು ಕಾಲಂ ಬರಲಿ. ಅದಕ್ಕೂ ಆಶಾಳಿಗೆ ಪ್ರೋತ್ಸಾಹಧನ ಗೊತ್ತುಮಾಡಲಿ.